ಬಾಗಲೂರಿನ ಹಾಜರಿ ಪುಸ್ತಕ

ಬೆಳಗಿನ ಐದೂವರೆ. ಪಾಲಿಹೌಸಿನ ಪರದೆ ಸರಿಸಿದರೆ
ಒಳಗಿನ ಬಿಸಿಗಾಳಿ ಮುಖಕ್ಕೆ ಬಡಿಯುತ್ತದೆ,
ರಾತ್ರಿಯಿಡೀ ಯಾರೋ ಉಸಿರು ಬಿಗಿಹಿಡಿದು ಕೂತಿದ್ದ ಹಾಗೆ.
ನಾನು ಹೆಸರು ಕೂಗುವವಳು. ಕೈ ಎತ್ತುವವರು ಹನ್ನೆರಡು ಮಂದಿ,
ದುಮ್ಕಾದಿಂದ ಎರಡು ರೈಲು, ಒಂದು ಬಸ್ಸು, ಒಬ್ಬ ಏಜೆಂಟನ್ನು ದಾಟಿ ಬಂದವರು.

ಮೊದಲ ವಾರ ಒಬ್ಬಳನ್ನು ಭಾಗ್ಯ ಎಂದು ಬರೆದುಕೊಂಡೆ.
ಅವಳು ಪುಸ್ತಕದ ಮೇಲೆ ಬೆರಳಿಟ್ಟು "ಬಾಹಾ" ಅಂದಳು.
ಓದು ಬಾರದವಳು; ಆದರೂ ತಪ್ಪು ಯಾವ ಸಾಲಿನಲ್ಲಿದೆ ಎಂದು ಗೊತ್ತಿತ್ತು.
ಹಾಗಂದರೇನೇ? ಎಂದೆ. ಗಿಡದ ಕಡೆ ಗದ್ದ ಎತ್ತಿ ತೋರಿಸಿದಳು.
ಹೂವು.
ಹೊಡೆದು ಹಾಕಿ ತಿದ್ದಿದೆ. ಹೆಸರು ತಿದ್ದಲು ಎಷ್ಟು ಮಸಿ ಬೇಕು,
ಕೂಲಿಯ ಖಾನೆ ಮುಟ್ಟಲು ನನಗೆ ಅಧಿಕಾರವಿಲ್ಲ.

ದಿನಕ್ಕೆ ಮುನ್ನೂರೈವತ್ತು ಎಂದಿದ್ದನಂತೆ ಏಜೆಂಟು, ಅಲ್ಲಿ.
ಇಲ್ಲಿ ತಗಡಿನ ಕೋಣೆಗೆ ಹಿಡಿ, ಅಕ್ಕಿಗೆ ಹಿಡಿ, ಬಂದ ರೈಲಿಗೂ ಹಿಡಿ,
ದಂಟು ಅರವತ್ತು ಸೆಂಟಿಮೀಟರಿಗೆ ಗಿಡ್ಡವಾದರೆ ಅದಕ್ಕೂ.
ಕತ್ತರಿ ಹಿಡಿ, ಬಾಯಿ ಹಿಡಿ, ಒಂದು ಹಿಡಿ ಅನ್ನ.
ಅವರಿಗೆ ನಾನು ಕಲಿಸಿದ ಕನ್ನಡ ಇದೊಂದೇ ಪದ.

ಔಷಧಿ ಹೊಡೆದರೆ ಒಂದು ಹಗಲು ಒಂದು ರಾತ್ರಿ ಒಳಗೆ ಹೋಗಬಾರದು
ಎಂದು ಡಬ್ಬಿಯ ಮೇಲೆ ಇರುವೆಯಷ್ಟು ಅಕ್ಷರದಲ್ಲಿದೆ. ನಾನು ಓದಿದ್ದೇನೆ.
ಪಾನಮುನಿ ಎರಡು ಗಂಟೆಗೇ ಹೋದಳು. ಕಳಿಸಿದ್ದು ಮೇಸ್ತ್ರಿ,
ಕೂಗಿದ್ದು ನಾನು.
ಸಂಕ್ರಾಂತಿಯ ಹಿಂದಿನ ದಿನ ಅವಳನ್ನು ಊರಿಗೆ ಹತ್ತಿಸಿದರು,
ಬಸ್ಸು ತಿರುಗುವವರೆಗೂ ಕೆಮ್ಮು ಕೇಳುತ್ತಿತ್ತು. ಲೆಕ್ಕ ಆಮೇಲೆ, ಎಂದರು.

ಫೆಬ್ರವರಿ ಎಂಟು. ಪ್ರೇಮಿಗಳ ಹೂವಿಗೆ ರಾತ್ರಿ ವಿಮಾನ.
ಮೊಗ್ಗು ಬಿಗಿಯಾಗಿರುವಾಗಲೇ ಕತ್ತರಿಸಬೇಕು.
ಕೂಗಿದೆ. ಹನ್ನೊಂದು ಕೈ ಎದ್ದವು. ಒಳಗೂ ಹೋದರು.
ಹೋಗಿ ಸಾಲುಗಳ ನಡುವೆ ಕೂತುಬಿಟ್ಟರು,
ಕತ್ತರಿಗಳನ್ನು ಮುಂದಿಟ್ಟುಕೊಂಡು, ಎಲೆ ಹಾಕಿ ಬಡಿಸಲಿ ಎಂದು ಕಾದಂತೆ.

ಮೇಸ್ತ್ರಿ ತಮಿಳಿನಲ್ಲಿ ಬೈದ, ತೆಲುಗಿನಲ್ಲಿ ಬೈದ, ಕನ್ನಡಕ್ಕೆ ಬಂದ;
ಗಡಿಯ ಊರು, ಬೈಗುಳಕ್ಕೆ ಬರವಿಲ್ಲ.
ಬಾಹಾ ತಲೆಯೆತ್ತದೆ ಅಂದಳು:
"ಹಿಡಿದದ್ದು ಬಿಡಿ."
ಬಿಡಿ ಎಂಬುದನ್ನು ನಾನು ಕಲಿಸಿರಲಿಲ್ಲ.

ಬಿಸಿಲೇರಿತು. ಯಾರೂ ಏನೂ ಮಾಡಲಿಲ್ಲ,
ಮಾಡಿದ್ದು ಮೊಗ್ಗುಗಳು. ಒಂದೊಂದೇ ಎಸಳು ಹಿಂದಕ್ಕೆ ಬಾಗಿ
ಒಂದು ಸಾಲು, ಮತ್ತೊಂದು ಸಾಲು, ಮಾರಲು ಬಾರದಷ್ಟು ಕೆಂಪು.
ಮೂರು ವರ್ಷದಿಂದ ಇಲ್ಲಿದ್ದೇನೆ,
ಗುಲಾಬಿ ಪೂರ್ತಿ ಅರಳಿದ್ದನ್ನು ಅವತ್ತೇ ನೋಡಿದ್ದು.

ಹತ್ತಕ್ಕೆ ಯಜಮಾನರ ಕಾರು ಬಂತು.
ಕೋಣೆಯದೂ ದಂಟಿನದೂ ಬಿಟ್ಟರು, ಅಕ್ಕಿಯದು ಮಾರ್ಚಿಗೆ ಎಂದರು,
ರೈಲಿನ ಮಾತೇ ಎತ್ತಲಿಲ್ಲ. ಪಾನಮುನಿಯ ಲೆಕ್ಕವನ್ನು
ಬಾಹಾ ಮೂರು ಸಲ ಕೇಳಿದಳು. ನೋಡೋಣ, ಮೂರು ಸಲ.
ಆಮೇಲೆ ಕತ್ತರಿಗಳ ಸದ್ದು ಶುರುವಾಯಿತು, ಮೊದಲಿಗಿಂತ ನಿಧಾನ.

ಇವತ್ತಿನ ಖಾನೆಗೆ ಗೈರು ಅಂತ ಬರಿ, ಎಂದ ಮೇಸ್ತ್ರಿ.
ಒಳಗೇ ಇದ್ದರಲ್ಲ, ಎಂದೆ.
ನನ್ನ ಧೈರ್ಯದ ಪೂರ್ತಿ ಉದ್ದ ಅಷ್ಟೇ,
ಅರವತ್ತು ಸೆಂಟಿಮೀಟರಿಗೆ ಗಿಡ್ಡ.

ಸಂಜೆ, ಅವರ ಆಧಾರ್ ಕಾರ್ಡುಗಳಿದ್ದ ಡ್ರಾಯರಿಗೆ ಬೀಗ ಹಾಕದೆ
ಟೀ ಅಂಗಡಿಗೆ ಹೋದೆ. ಆರುವವರೆಗೂ ಊದಿ ಊದಿ ಕುಡಿದೆ.
ಬಂದು ನೋಡಿದರೆ ಒಂದೇ ಉಳಿದಿತ್ತು.

ಪಾನಮುನಿ ಸೊರೆನ್. ಫೋಟೋದಲ್ಲಿ ಇನ್ನೂ ಕೆಮ್ಮಿಲ್ಲ.
ಇದಿಲ್ಲದೆ ಎರಡು ರೈಲು ಹೇಗೆ ದಾಟಿದಳೋ.
ದಾಟಿದಳೋ.